ಬಿಚ್ಚದ ಚೀಟಿ

ನಮ್ಮೂರಲ್ಲಿ ಗಣಪತಿ ಕೂರಿಸಿದ ಐದನೇ ದಿನ, ರಾತ್ರಿ ಹತ್ತೂವರೆಗೆ ಸ್ಟೇಜ್ ಇಳಿದಾಗ ನನ್ನಷ್ಟು ಖುಷಿಯಾಗಿದ್ದ ಮನುಷ್ಯ ಇಡೀ ತಿಪಟೂರು ತಾಲ್ಲೂಕಿನಲ್ಲೇ ಇರಲಿಲ್ಲ ಅನ್ಸುತ್ತೆ. ಮಾರನೇ ದಿನ ಬೆಳಗ್ಗೆ ಏಳಕ್ಕೆ ನನ್ನಷ್ಟು ಪೆಚ್ಚಾಗಿದ್ದವನೂ ಇರಲಿಲ್ಲ. ನಡುವೆ ಆಗಿದ್ದು ಇಷ್ಟೇ. ನಾನು ಚೆನ್ನಾಗಿ ನಿದ್ದೆ ಮಾಡಿದ್ದೆ, ನಮ್ಮ ಬೀದಿಯ ದೊಡ್ಡವ್ವ ಒಬ್ಬಳು ಕಣ್ಣು ಮುಚ್ಚಿರಲಿಲ್ಲ.

ಮೊದಲೇ ಹೇಳಿಬಿಡ್ತೀನಿ, ನಾನು ವೃತ್ತಿಯಿಂದ ಮ್ಯಾಜಿಷಿಯನ್ ಅಲ್ಲ. ಹೊಟ್ಟೆಪಾಡಿಗೆ ಬೆಂಗಳೂರಲ್ಲಿ ಕೋಡ್ ಬರೀತೀನಿ. ಹೆಚ್ಚಿನ ದಿನ ಬೇರೆಯವರು ಬರೆದು ಕೆಲಸ ಬಿಟ್ಟು ಹೋದ ಕೋಡನ್ನ ರಿಪೇರಿ ಮಾಡ್ತೀನಿ. ಮ್ಯಾಜಿಕ್ಕಿನ ಹುಚ್ಚು ಹತ್ತಿದ್ದು 2020ರ ಲಾಕ್‌ಡೌನಲ್ಲಿ. ಫ್ಲ್ಯಾಟಿನ ಪಕ್ಕದವರು ಕೇಕ್ ಮಾಡೋದು ಕಲಿತರು, ನಾನು ಒಂದು ಕಟ್ಟು ಇಸ್ಪೀಟು ತರಿಸಿಕೊಂಡು ಯೂಟ್ಯೂಬ್ ಮುಂದೆ ಕೂತೆ. ಮೊದಮೊದಲು ಹಿಡಿಸಿದ್ದೆಲ್ಲ ಗಣಿತದ ಟ್ರಿಕ್ಕುಗಳೇ. 52 ಎಲೆಗಳನ್ನ ಸರಿಯಾಗಿ 26-26 ಮಾಡಿ, ಒಂದರ ಸಂದಿಗೊಂದು ಎಲೆಯಂತೆ ಒಂದೂ ತಪ್ಪದೆ ಹೆಣೆದು ಕಲೆಸಬೇಕು. ಮೇಲಿನ ಎಲೆ ಮೇಲೇ ಉಳಿಯೋ ಹಾಗೆ ಎಂಟು ಸಲ ಹೀಗೆ ಕಲೆಸಿದರೆ ಇಡೀ ಕಟ್ಟು ಮೊದಲಿದ್ದ ಕ್ರಮಕ್ಕೇ ವಾಪಸ್ ಬರುತ್ತೆ. ಕೈಗೆ ಇದು ಬರೋಕೆ ನಂಗೆ ವರ್ಷವೇ ಹಿಡೀತು. ನಮ್ಮ ಟೀಮಿನ ಹುಡುಗರಿಗೆ ತೋರಿಸಿದಾಗ ಬಾಯಿ ಬಿಟ್ಟುಕೊಂಡು ನೋಡಿದರು. ಊರಿಗೆ ಹೋದಾಗ ಅಮ್ಮನಿಗೆ ತೋರಿಸಿದೆ. ಎಂಟೂ ಸಲ ತಾಳ್ಮೆಯಿಂದ ನೋಡಿ, "ಮೊದ್ಲು ಹೆಂಗಿತ್ತೋ ಹಂಗೇ ಆಯ್ತಲ್ಲೋ. ಇಷ್ಟೊತ್ತು ಮಾಡಿದ್ದೇನು?" ಅಂದ್ಲು.

ಅಮ್ಮನ ಆ ಮಾತೇ ನನ್ನನ್ನ ಈ ಕಥೆಯೊಳಗೆ ತಳ್ಳಿದ್ದು. ಜನರ ನೆನಪಲ್ಲಿ ಉಳಿಯೋದು ಯಾವ ಟ್ರಿಕ್? ಕೈಚಳಕ ಎಷ್ಟು ಕಷ್ಟದ್ದು ಅನ್ನೋದು ನೋಡೋರಿಗೆ ಬೇಕಾಗಿಲ್ಲ, ಅದು ಅವರಿಗೆ ಕಾಣೋದೂ ಇಲ್ಲ, ಕಾಣಬಾರದು. ಆರು ತಿಂಗಳಾದ ಮೇಲೆ ಯಾರೂ "ಕಳಾವರ್ ಏಳು ಬಂತು ನೋಡು" ಅಂತ ನೆನೆಸಿಕೊಳ್ಳಲ್ಲ. "ಅವತ್ತು ನನಗೆ ಹಿಂಗಾಯ್ತು" ಅಂತ ನೆನೆಸಿಕೊಳ್ತಾರೆ. ಟ್ರಿಕ್ಕು ಎಲೆಯ ಮೇಲೆ ಆಗಬಾರದು, ನೋಡೋ ಮನುಷ್ಯನ ಮೇಲೆ ಆಗಬೇಕು. ಇದೇನೂ ನನ್ನ ಸಂಶೋಧನೆ ಅಲ್ಲ, ಮ್ಯಾಜಿಕ್ ಕಲಿಸೋ ಎಲ್ಲರೂ ಹೇಳೋ ಮಾತೇ. ಅಂತ್ಯವೂ ಅಷ್ಟೇ ಮುಖ್ಯ. 1956ರ ಏಪ್ರಿಲಿನಲ್ಲಿ ನಮ್ಮ ಪಿ.ಸಿ. ಸರ್ಕಾರ್ ಬಿಬಿಸಿ ಟಿವಿಯ ಲೈವ್ ಕಾರ್ಯಕ್ರಮದಲ್ಲಿ ಒಬ್ಬ ಹುಡುಗಿಯನ್ನ ಗರಗಸದಲ್ಲಿ ಕೊಯ್ದರು. ಅವಳು ಎದ್ದು ಕೂರೋ ಮುಂಚೆಯೇ ಕಾರ್ಯಕ್ರಮದ ಟೈಮ್ ಮುಗಿದುಹೋಯ್ತು. ಹುಡುಗಿ ಸತ್ತೇ ಹೋದಳು ಅಂದುಕೊಂಡ ಜನ ಬಿಬಿಸಿಗೆ ಫೋನ್ ಮೇಲೆ ಫೋನ್ ಮಾಡಿದರು. ಸರ್ಕಾರ್ ಅವರ ಲಂಡನ್ ಶೋಗಳ ಟಿಕೆಟ್ ಖಾಲಿ. ಟೈಮ್ ಮೀರಿದ್ದು ಆಕಸ್ಮಿಕವೋ, ಲೆಕ್ಕಾಚಾರವೋ ಅಂತ ಇವತ್ತಿಗೂ ಚರ್ಚೆ ಇದೆ. ನಾನಂತೂ ಲೆಕ್ಕಾಚಾರ ಅನ್ನೋ ಕಡೆ.

ಹಾಗಾಗಿ ನನ್ನ ಟ್ರಿಕ್ಕಿನಲ್ಲಿ "ಒಂದು ಎಲೆ ನೆನೆಸಿಕೊಳ್ಳಿ" ಅನ್ನೋದನ್ನ ತೆಗೆದುಹಾಕಿದೆ. "ತುಂಬಾ ದಿನದಿಂದ ನೋಡದೇ ಇರೋ, ನೋಡಬೇಕು ಅನ್ಸೋ ಒಬ್ಬರನ್ನ ನೆನೆಸಿಕೊಳ್ಳಿ" ಅಂತ ಮಾಡಿದೆ. ಒಂದು ಸಾಲಿನ ಬದಲಾವಣೆ ಅಷ್ಟೇ. ನಮ್ಮ ಕೆಲಸದಲ್ಲೂ ಪ್ರೊಡಕ್ಷನ್ ಮಲಗಿಸೋದು ಯಾವಾಗಲೂ ಇಂಥ ಒಂದು ಸಾಲಿನ ಬದಲಾವಣೆಗಳೇ.

ಟ್ರಿಕ್ಕು ನೋಡೋರಿಗೆ ಹೀಗೆ ಕಾಣುತ್ತೆ. ಕಾಗದದ ಒಂದು ಉಂಡೆಯನ್ನ ಜನರ ಮಧ್ಯೆ ಎಸೀತೀನಿ. ಹಿಡಿದವರು ಕಣ್ಣು ಮುಚ್ಚಿ ಇನ್ನೊಬ್ಬರ ಕಡೆ ಎಸೀತಾರೆ, ಅವರು ಮತ್ತೊಬ್ಬರ ಕಡೆ. ಕೊನೆಗೆ ಯಾರ ಕೈಗೆ ಬಂತೋ ಅವರು ಸ್ಟೇಜಿಗೆ. ಹಾಗಾಗಿ ಮೊದಲೇ ಮಾತಾಡಿಕೊಂಡಿದ್ದಾರೆ ಅನ್ನೋ ಅನುಮಾನ ಹೋಯ್ತು. ಅವರು ಆ ಹೆಸರನ್ನ ಚೀಟಿಯಲ್ಲಿ ಬರೆದು ನಾಲ್ಕು ಮಡಿಕೆ ಮಡಿಚ್ತಾರೆ. ಚೀಟಿ ತಟ್ಟೆಗೆ ಬೀಳುತ್ತೆ, ಅವರೇ ಬೆಂಕಿ ಹಚ್ತಾರೆ, ಬೂದಿಯಾಗುತ್ತೆ. ಒಂದೆರಡು ನಿಮಿಷ ನಾನು ಅವರ ಜೊತೆ ಸುಮ್ಮನೆ ಮಾತಾಡ್ತೀನಿ. ಆಮೇಲೆ ಒಂದೊಂದೇ ಅಕ್ಷರವಾಗಿ, ತಡವರಿಸ್ತಾ, ಒಮ್ಮೆ ತಪ್ಪಿ ತಿದ್ದಿಕೊಂಡು, ಆ ಹೆಸರು ಹೇಳ್ತೀನಿ.

ತಡವರಿಸೋದೂ ಪ್ರಾಕ್ಟೀಸ್ ಮಾಡಿದ್ದೇ. ಒಂದು ತಿಂಗಳು ಕೈಗೆ ಕೆಲಸ ಕಲಿಸಿದೆ. ಉಳಿದ ಮೂರು ತಿಂಗಳು, ಕೈ ಏನೂ ಮಾಡ್ತಿಲ್ಲ ಅನ್ನೋ ಮುಖ ಮಾಡೋದನ್ನ ಕಲಿತೆ. ರಾತ್ರಿ ಊಟ ಆದಮೇಲೆ ದಿನಾ ಅರ್ಧ ಗಂಟೆ ಕನ್ನಡಿ ಮುಂದೆ, ವಾರಕ್ಕೊಂದು ಸಲ ಫೋನನ್ನ ಎಡಕ್ಕೆ, ಬಲಕ್ಕೆ, ನಡುವೆ ಇಟ್ಟು ರೆಕಾರ್ಡ್ ಮಾಡಿ ನೋಡೋದು. ಕನ್ನಡಿಯಲ್ಲಿ ಒಂದು ತೊಂದರೆ ಇದೆ. ಬೇಕಾದ ಕ್ಷಣಕ್ಕೆ ಸರಿಯಾಗಿ ನಾವೇ ಕಣ್ಣು ಮಿಟುಕಿಸಿಬಿಡ್ತೀವಿ, ನಮ್ಮ ಮೋಸ ನಮಗೇ ಕಾಣಲ್ಲ. ಕ್ಯಾಮೆರಾ ಹಾಗಲ್ಲ. ಮೊದಲನೇ ವಿಡಿಯೋದಲ್ಲಿ ನೋಡಿದರೆ, ಕಳ್ಳ ಕೆಲಸ ಮಾಡೋ ಕ್ಷಣದಲ್ಲಿ ಪ್ರತಿ ಸಲವೂ ನಾನೇ ನನ್ನ ಎಡಗೈ ನೋಡ್ತಿದ್ದೆ. ಮ್ಯಾಜಿಷಿಯನ್ ಎಲ್ಲಿ ನೋಡ್ತಾನೋ ಜನ ಅಲ್ಲೇ ನೋಡ್ತಾರೆ. ಹಾಗಾಗಿ ಆ ಹೊತ್ತಲ್ಲಿ ಎದುರಿನವರ ಕಣ್ಣು ನೋಡಿ ಏನಾದ್ರೂ ಕೇಳಬೇಕು. ಕೇಳಿದ್ದಕ್ಕೆ ಅವರು ಉತ್ತರ ಯೋಚಿಸ್ತಿರುವಾಗ ಅವರಿಗೆ ಏನೂ ಕಾಣಲ್ಲ. ಜೋಕ್ ಹೇಳಿ ನಗಿಸಿದರೆ ಇನ್ನೂ ಸುಲಭ. ನಗು ಬಂದ ಎರಡು ಸೆಕೆಂಡು ಇಡೀ ಹಾಲ್ ಕಾವಲು ಬಿಟ್ಟಿರುತ್ತೆ.

ಕನ್ನಡದಲ್ಲಿ ಇದಕ್ಕೆ ಕಣ್ಕಟ್ಟು ಅಂತಾರೆ. ಒಳ್ಳೇ ಪದ. ಆದರೆ ಪೂರ್ತಿ ಸರಿ ಇಲ್ಲ. ಕಣ್ಣು ಕಟ್ಟೋದು ಸಣ್ಣ ಕೆಲಸ, ನೆನಪು ಕಟ್ಟೋದು ದೊಡ್ಡದು. ಹೆಸರು ಹೇಳೋ ಮುಂಚೆ ನಾನು ಜನರ ಕಡೆ ತಿರುಗಿ ಒಂದು ಸಲ ಎಲ್ಲಾ ಒಪ್ಪಿಸ್ತೀನಿ. "ನೀವು ಯಾರು ಅಂತ ನನಗೆ ಗೊತ್ತಿಲ್ಲ. ಹೆಸರು ಬರೆದವರು ನೀವೇ, ಮಡಿಚಿದವರು ನೀವೇ, ಬೆಂಕಿ ಹಚ್ಚಿದವರೂ ನೀವೇ. ಆ ಚೀಟಿಯನ್ನ ನಾನು ಬಿಚ್ಚಲೇ ಇಲ್ಲ, ಹೌದಲ್ವಾ?" ಹೌದು ಅಂತ ಎಲ್ಲರೂ ತಲೆ ಆಡಿಸ್ತಾರೆ. ಅವರ ಕೈಯಿಂದ ತಟ್ಟೆಗೆ ಹೋಗೋ ದಾರಿಯಲ್ಲಿ ಚೀಟಿ ಐದಾರು ಸೆಕೆಂಡು ನನ್ನ ಕೈಗೆ ಬಂದಿತ್ತು ಅನ್ನೋದು ಆ ಕ್ಷಣದಲ್ಲಿ ಅವರ ತಲೆಯಿಂದ ಅಳಿಸಿ ಹೋಗುತ್ತೆ. ಆ ಐದಾರು ಸೆಕೆಂಡಿನಲ್ಲಿ ಏನಾಗುತ್ತೆ ಅಂತ ಇಲ್ಲಿ ಬರೆಯಲ್ಲ. ಮನೆಗೆ ಹೋಗಿ ಕಥೆ ಹೇಳೋವಾಗ ಅವರು "ಅವನು ಚೀಟಿ ಮುಟ್ಟಲೇ ಇಲ್ಲ ಕಣ್ರೀ" ಅಂತಾರೆ. ಬಿಚ್ಚಲಿಲ್ಲ ಅಂದಿದ್ದು ನಾನು, ಮುಟ್ಟಲಿಲ್ಲ ಅಂತ ಮಾಡಿಕೊಂಡಿದ್ದು ಅವರೇ.

ಇದು ಸುಳ್ಳಾ? ಆಗ ನನ್ನ ಹತ್ತಿರ ಉತ್ತರ ರೆಡಿ ಇತ್ತು. ಸ್ಟೇಜ್ ಹತ್ತಿ ಮ್ಯಾಜಿಕ್ ಅಂದ ಮೇಲೆ ಮೋಸ ಮಾಡ್ತೀನಿ ಅಂತ ಮಾತು ಕೊಟ್ಟ ಹಾಗೇ ಆಯ್ತು. ಮೋಸ ಮಾಡದೇ ಹೋದರೆ ಅದೇ ಮೋಸ. ನಾಟಕದಲ್ಲಿ ಸತ್ತ ರಾಜ ಆಮೇಲೆ ಟೀ ಕುಡಿಯೋದನ್ನ ನೋಡಿ ಯಾರಾದ್ರೂ ದುಡ್ಡು ವಾಪಸ್ ಕೇಳ್ತಾರಾ?

ಆಫೀಸಿನ ಆನ್ಯುವಲ್ ಡೇಗೆ ಮಾಡಿದೆ. ಸ್ಟೇಜಿಗೆ ಬಂದಿದ್ದು ಟೆಸ್ಟಿಂಗ್ ಟೀಮಿನ ಒಬ್ಬ ಹುಡುಗಿ. ಹೈಸ್ಕೂಲಿನಲ್ಲಿ ಜೊತೆಗಿದ್ದು ಎಲ್ಲೋ ಕಳೆದುಹೋದ ಗೆಳತಿಯ ಹೆಸರು ಬರೆದಿದ್ದಳು. ನಾನು ಕೊನೇ ಅಕ್ಷರ ಹೇಳೋವಾಗ ಅವಳ ಕಣ್ಣು ತುಂಬಿತು. ಹಾಲ್ ಎದ್ದು ನಿಂತಿತು. ನನಗೆ ಕಣ್ಣೀರು ಕಂಡಿದ್ದು ಟ್ರೋಫಿ ಥರ. ಅದಾದ ಮುಂದಿನ ವಾರ, ಹದಿನೆಂಟು ವರ್ಷ ಅನುಭವ ಇರೋ ಒಬ್ಬ ಮ್ಯಾನೇಜರ್ ಕಾಫಿ ಮೆಷಿನ್ ಹತ್ತಿರ ಸಿಕ್ಕಿದರು. ಆಚೀಚೆ ನೋಡಿ, ದನಿ ತಗ್ಗಿಸಿ, "ಅಲ್ಲ, ಪೂರ್ತಿ ಟ್ರಿಕ್ಕೇನಾ? ಸ್ವಲ್ಪನೂ ಬೇರೆ ಏನೂ ಇಲ್ವಾ? ನನ್ನ ಮಗಳ ವೀಸಾ ವಿಷಯ ಒಂದು..." ಅಂದರು. ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ಈಗ ಅನ್ಸುತ್ತೆ, ಅವರು ನಕ್ಕಿದ್ದು ನಾನು ನಕ್ಕಿದ್ದಕ್ಕೆ. ಅದು ಮೊದಲನೇ ಬಗ್ ರಿಪೋರ್ಟ್. "ಕಾಂಟ್ ರೀಪ್ರೊಡ್ಯೂಸ್" ಅಂತ ಬರೆದು ಕ್ಲೋಸ್ ಮಾಡಿದ ಹಾಗೆ ಮಾಡಿದೆ ನಾನು.

ಊರಿನ ಯುವಕ ಸಂಘದ ಹುಡುಗರು ವಾಟ್ಸಾಪಿನಲ್ಲಿ ವಿಡಿಯೋ ನೋಡಿ ಗಣಪತಿ ಹಬ್ಬಕ್ಕೆ ಕರೆದರು. ಆರ್ಕೆಸ್ಟ್ರಾ ಶುರುವಾಗೋ ಮುಂಚೆ ಇಪ್ಪತ್ತು ನಿಮಿಷ. ಇಲ್ಲಿ ನಾನು ಇನ್ನೊಂದು ಜಾಣತನ ಮಾಡಿದೆ. ಆಫೀಸಿನಲ್ಲಿ ಗಾಜಿನ ಆಶ್‌ಟ್ರೇ, ಲೈಟರ್ ಬಳಸಿದ್ದೆ. ಊರಿಗೆ ಅದು ಹೊಂದಲ್ಲ, ಲೋಕಲ್ ಟಚ್ ಇರಲಿ ಅಂತ ಅಮ್ಮನ ಹಿತ್ತಾಳೆ ಆರತಿ ತಟ್ಟೆ, ಎರಡು ಬಿಲ್ಲೆ ಕರ್ಪೂರ ತಗೊಂಡೆ. ಗಣಪತಿ ಮುಂದೆ, ಹಿತ್ತಾಳೆ ತಟ್ಟೆಯಲ್ಲಿ, ಕರ್ಪೂರದ ಉರಿಯಲ್ಲಿ ಚೀಟಿ ಸುಟ್ಟು ಬೂದಿಯಾಯ್ತು. ಅದನ್ನ ಯೋಚಿಸಿದಾಗ ನನಗೆ ಹೊಳೆದಿದ್ದು "ವಿಷುವಲ್ ಆಗಿ ಸಖತ್ತಾಗಿರುತ್ತೆ" ಅನ್ನೋದು ಮಾತ್ರ.

ಊರ ಜನ ಪೆದ್ದರು, ನಂಬಿಬಿಟ್ಟರು ಅಂತ ನೀವು ಅಂದುಕೊಳ್ತಿದ್ದರೆ ತಪ್ಪು. ಸ್ಟೇಜಿಗೆ ಬಂದ ಕೊಬ್ಬರಿ ವ್ಯಾಪಾರದವರು ತಮ್ಮ ಹಳೇ ಸ್ನೇಹಿತನ ಹೆಸರು ಕೇಳಿ, "ಏನ್ ಕಣ್ಕಟ್ಟು ಮಾಡ್ತಾನ್ರೋ ಇವ್ನು!" ಅಂತ ಮೈಕಲ್ಲೇ ಕೂಗಿದರು. ಕೆಳಗಿಳಿದ ತಕ್ಷಣ ನಾಲ್ಕು ಹುಡುಗರು ನನ್ನ ತೋಳು, ಜೇಬು ಎಲ್ಲಾ ತಡಕಿದರು. ಮೋಡಿಯಾಟದೋರು, ಗಾರುಡಿಗರು ಬರ್ತಿದ್ದ ಊರು ಅದು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸಂತೆಯಲ್ಲಿ ಒಬ್ಬ ಗಾರುಡಿಗ, ಬಟ್ಟೆ ಹೊದಿಸಿ ಮಲಗಿಸಿದ್ದ ಹುಡುಗನ ಕುತ್ತಿಗೆಗೆ ಕತ್ತಿ ಇಟ್ಟು ಆಟ ನಿಲ್ಲಿಸಿದ. ಮುಂದಿನದು ನೋಡಬೇಕು ಅಂದರೆ ತಾಯತ ಕೊಳ್ಳಿ ಅಂದ. ನಮ್ಮಪ್ಪ ಐದು ರೂಪಾಯಿ ಕೊಟ್ಟು ಕೊಂಡು ನನ್ನ ಸೊಂಟಕ್ಕೆ ಕಟ್ಟಿ, "ತಾಯತದಲ್ಲೇನೂ ಇಲ್ಲ, ಆಟಕ್ಕೆ ಕೊಟ್ಟೆ" ಅಂದಿದ್ದರು. ನಮ್ಮೂರಿನವರಿಗೆ ಈ ವ್ಯತ್ಯಾಸ ನನಗಿಂತ ಮೊದಲೇ ಗೊತ್ತು.

ದೊಡ್ಡವ್ವನಿಗೂ ಗೊತ್ತು. ಬೆಳಗ್ಗೆ ಬಾಗಿಲು ತೆಗೆದಾಗ ಅವಳು ಜಗುಲಿ ಮೇಲೆ ಕೂತಿದ್ದಳು. ಯಾವಾಗ ಬಂದಳೋ. ಕೈಯಲ್ಲಿ ನಾಲ್ಕು ಮಡಿಕೆ ಮಡಿಚಿದ ಒಂದು ಚೀಟಿ, ಪ್ಲಾಸ್ಟಿಕ್ ಕವರಿನಲ್ಲಿ ಎರಡು ಬಿಲ್ಲೆ ಕರ್ಪೂರ. ಐದನೇ ಕ್ಲಾಸಿನ ಮೊಮ್ಮಗಳ ಕೈಲಿ ರಾತ್ರಿಯೇ ಬರೆಸಿದ್ದಾಳೆ. ಅದರಲ್ಲಿ ಯಾರ ಹೆಸರಿದೆ ಅಂತ ತಿಳಿಯೋಕೆ ಮ್ಯಾಜಿಕ್ ಬೇಕಿರಲಿಲ್ಲ. ಅವಳ ಕಿರಿ ಮಗ ಹನ್ನೊಂದು ವರ್ಷದ ಹಿಂದೆ ಅಪ್ಪನ ಜೊತೆ ಜಗಳ ಆಡಿಕೊಂಡು ಹೋಗಿ ಅರಸೀಕೆರೆಯಲ್ಲಿ ರೈಲು ಹತ್ತಿದೋನು. ಆರು ತಿಂಗಳಿಗೆ ಒಂದು ಫೋನ್ ಬಂದಿತ್ತು. ಆಮೇಲೆ ಇಲ್ಲ. ನಾನೂ ಅವನೂ ಒಂದೇ ಬಾವಿಯಲ್ಲಿ ಈಜು ಕಲಿತವರು.

"ಎಲ್ಲವ್ನೆ ಅಂತ ಒಸಿ ನೋಡ್ಬುಟ್ಟು ಹೇಳಪ್ಪ."

"ದೊಡ್ಡವ್ವ, ಅದು ಬರೀ ಆಟ. ಕಣ್ಕಟ್ಟು. ನಂಗೇನೂ ಕಾಣಲ್ಲ."

"ಕಣ್ಕಟ್ಟು ಅಂತ ನಂಗೊತ್ತಿಲ್ವೇ? ಆ ಪೆಟಾರಿಯೋರದ್ದೆಲ್ಲ ನೋಡಿಲ್ವೇ ನಾನು? ನಿಂದು ಹಂಗಲ್ಲ ಕಣಪ್ಪ. ನೀನು ಚೀಟಿ ಬಿಚ್ಚಲೇ ಇಲ್ವಲ್ಲ."

ನಾನು ನಾಲ್ಕು ತಿಂಗಳು ತಿದ್ದಿ ತೀಡಿದ ಸಾಲು ಅದು. ಅವಳ ಬಾಯಿಂದ ನನಗೇ ವಾಪಸ್ ಬಂತು.

ಮತ್ತೆ ಇಲ್ಲ ಅಂದೆ. ಆಣೆ ಇಟ್ಟು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಕೆಟ್ ಸುದ್ದಿನಾ? ಪರ್ವಾಗಿಲ್ಲ, ಹೇಳ್ಬುಡು. ತಡ್ಕತೀನಿ."

ಇಲ್ಲಿಗೆ ನನ್ನ ರೆಡಿ ಉತ್ತರಗಳೆಲ್ಲ ಮುಗಿದವು. ನನಗೆ ಶಕ್ತಿ ಇಲ್ಲ ಅಂತ ನಾನು ಹೇಳಿದಷ್ಟೂ ಅವಳಿಗೆ ಮಗ ಸತ್ತಿದ್ದಾನೆ ಅಂತಲೇ ಕೇಳಿಸ್ತಿತ್ತು. ನಿಜ ಹೇಳೋದೇ ಅಲ್ಲಿ ಕ್ರೌರ್ಯ ಆಗಿಬಿಟ್ಟಿತ್ತು.

ಇಂಥದ್ದೇ ಒಂದು ಇಕ್ಕಟ್ಟಿಗೆ ಜಗತ್ತಿನ ಅತ್ಯಂತ ಪ್ರಸಿದ್ಧ ಮ್ಯಾಜಿಷಿಯನ್ನೂ ಸಿಕ್ಕಿಹಾಕಿಕೊಂಡಿದ್ದ. ಹ್ಯಾರಿ ಹುಡಿನಿ ಇನ್ನೂ ಹೆಸರು ಮಾಡದೇ ಇದ್ದಾಗ, 1897-98ರ ಚಳಿಗಾಲದಲ್ಲಿ, ಹೊಟ್ಟೆಪಾಡಿಗೆ ಅಮೆರಿಕದ ಕ್ಯಾನ್ಸಸ್ ಕಡೆ ಹೆಂಡತಿ ಬೆಸ್ ಜೊತೆ ಸತ್ತವರ ಜೊತೆ ಮಾತಾಡೋ ಆಟ ಆಡ್ತಿದ್ದ. ಊರಿಗೆ ಮೊದಲೇ ಹೋಗಿ ಸ್ಮಶಾನದ ಕಲ್ಲುಗಳಲ್ಲಿ ಹೆಸರು ಓದಿಕೊಂಡು, ಕಟ್ಟೆ ಮಾತು ಕೇಳಿಸಿಕೊಂಡು, ರಾತ್ರಿ ಸ್ಟೇಜಿನಲ್ಲಿ ಅದನ್ನೇ ಒಪ್ಪಿಸೋದು. 1913ರಲ್ಲಿ ಅವನ ತಾಯಿ ತೀರಿಕೊಂಡರು. ತನಗೇ ಆ ದುಃಖ ಬಂದಾಗ, ತಾನು ಆಡಿದ್ದು ಆಟ ಅಲ್ಲ, ಅಪರಾಧಕ್ಕೆ ಹತ್ತಿರದ್ದು ಅಂತ ಗೊತ್ತಾಯ್ತು ಅನ್ನೋ ಅರ್ಥದ ಮಾತನ್ನ ಅವನು 1924ರ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಅದೇ ಹುಡಿನಿ 1920ರ ದಶಕದಲ್ಲಿ ಊರೂರು ತಿರುಗಿ ನಕಲಿ ಮೀಡಿಯಮ್‌ಗಳ ಬಣ್ಣ ಬಯಲು ಮಾಡಿದ.

ಅವನ ಸ್ನೇಹಿತ ಆರ್ಥರ್ ಕಾನನ್ ಡಾಯ್ಲ್. ಹೌದು, ಷರ್ಲಾಕ್ ಹೋಮ್ಸ್‌ನ ಸೃಷ್ಟಿಸಿದವನೇ. ಓದಿ ಡಾಕ್ಟರ್ ಆದವನು. ಸತ್ತವರ ಜೊತೆ ಮಾತಾಡಬಹುದು ಅನ್ನೋ ನಂಬಿಕೆ ಅವನಿಗೆ ಮೊದಲೇ ಇತ್ತು. 1918ರಲ್ಲಿ ಮಗ ಕಿಂಗ್ಸ್‌ಲಿ ತೀರಿಕೊಂಡ ಮೇಲೆ ಉಳಿದ ಬದುಕನ್ನ ಅದರ ಪ್ರಚಾರಕ್ಕೇ ಕೊಟ್ಟುಬಿಟ್ಟ. 1922ರಲ್ಲಿ ಹುಡಿನಿ ತನ್ನ ಮನೆಯಲ್ಲಿ ಅವನಿಗೊಂದು ಟ್ರಿಕ್ ತೋರಿಸಿದ. ಕೋಣೆಯ ಮಧ್ಯೆ ತಂತಿಯಲ್ಲಿ ತೂಗುಹಾಕಿದ ಸ್ಲೇಟು. ಡಾಯ್ಲ್ ಮನೆಯಿಂದ ಹೊರಗೆ ನಡೆದುಹೋಗಿ, ಯಾರಿಗೂ ಕಾಣದ ಹಾಗೆ ಕಾಗದದ ಮೇಲೆ ಏನೋ ಬರೆದು ಜೇಬಿಗಿಟ್ಟುಕೊಂಡು ಬಂದ. ಬಿಳಿ ಶಾಯಿಯಲ್ಲಿ ಅದ್ದಿದ ಒಂದು ಚೆಂಡು ಸ್ಲೇಟಿಗೆ ಅಂಟಿಕೊಂಡು ಅದನ್ನೇ ಬರೀತು. ಇದು ಟ್ರಿಕ್ಕು, ದಯವಿಟ್ಟು ಇಂಥದ್ದನ್ನ ನೋಡಿ ಪವಾಡ ಅನ್ನಬೇಡ ಅಂತ ಹುಡಿನಿ ಬಿಡಿಸಿ ಹೇಳಿದ. ಹೇಗೆ ಮಾಡಿದೆ ಅಂತ ಮಾತ್ರ ಹೇಳಲಿಲ್ಲ. ಡಾಯ್ಲ್ ನಂಬಲಿಲ್ಲ. ಹುಡಿನಿಗೆ ನಿಜವಾದ ಶಕ್ತಿ ಇದೆ, ಅದನ್ನ ಮುಚ್ಚಿಡ್ತಿದ್ದಾನೆ ಅಂದುಕೊಂಡ. ಹುಡಿನಿ ಸತ್ತ ಮೇಲೆ 1930ರಲ್ಲಿ ಬಂದ ಪುಸ್ತಕದಲ್ಲೂ ಅದನ್ನೇ ವಾದಿಸಿದ.

ನಮ್ಮ ದೊಡ್ಡವ್ವನಿಗೂ ಡಾಯ್ಲ್‌ಗೂ ಅಕ್ಷರದಲ್ಲಿ ಭೂಮಿ ಆಕಾಶದ ವ್ಯತ್ಯಾಸ. ಕಾಫಿ ಮೆಷಿನ್ ಹತ್ತಿರ ಸಿಕ್ಕ ಮ್ಯಾನೇಜರೂ ಐಐಟಿಯವರೇ. ಓದಿಗೂ ಇದಕ್ಕೂ ಸಂಬಂಧ ಇಲ್ಲ. ಹಾಲಿನಲ್ಲಿ ಮುನ್ನೂರು ಜನ ಕೂತಿರ್ತಾರೆ, ಮುನ್ನೂರು ಜನಕ್ಕೂ ಇದು ಆಟ ಅಂತ ಗೊತ್ತಿರುತ್ತೆ. ಆದರೆ ಒಬ್ಬರಿಗೆ ಇದು ಆಟ ಆಗದೇ ಇರಬೇಕಾಗಿರುತ್ತೆ. ಅವರಿಗೆ ಬೇಕು. ಆ ಬೇಕು ಅನ್ನೋದರ ಮುಂದೆ, ಮ್ಯಾಜಿಕ್ ಅಂದರೆ ಮೋಸ ಅಂತ ನಾನೂ ಪ್ರೇಕ್ಷಕರೂ ಮಾಡಿಕೊಂಡ ಒಪ್ಪಂದ ನಿಲ್ಲಲ್ಲ. ಮತ್ತೆ ನಾನು ಮಾಡಿದ್ದೇನು? ಟ್ರಿಕ್ ನೆನಪಲ್ಲಿ ಉಳೀಲಿ ಅಂತ, ಆ ಬೇಕು ಇರೋ ಜಾಗವನ್ನೇ ಹುಡುಕಿ ಬೆರಳಿಟ್ಟೆ. ತುಂಬಾ ದಿನದಿಂದ ನೋಡದೇ ಇರೋರನ್ನ ನೆನೆಸಿಕೊಳ್ಳಿ ಅಂತ ಊರಿಗೆ ಊರನ್ನೇ ಕೇಳಿದೆ. ಕಾಗದದ ಉಂಡೆ ಕೊಬ್ಬರಿ ವ್ಯಾಪಾರದವರ ಕೈಗೆ ಹೋಯ್ತು. ಆದರೆ ನೆನೆಸಿಕೊಂಡವರು ಅವರೊಬ್ಬರೇ ಆಗಿರಲಿಲ್ಲ. ಹೆಂಗಸರ ಸಾಲಿನ ಕೊನೆಯಲ್ಲಿ ಕೂತ ದೊಡ್ಡವ್ವನೂ ನೆನೆಸಿಕೊಂಡಿದ್ದಳು, ನಾನು ಹೇಳಿದ್ದಕ್ಕೇ.

ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಒಂದು ಕಡೆ ಮಾಯಾವಿಯ ಹೋಲಿಕೆ ಕೊಡ್ತಾರೆ. ತಾನು ಹರಡಿದ ಮಾಯೆ ಮಾಯಾವಿಯನ್ನ ಯಾವ ಕಾಲಕ್ಕೂ ಮುಟ್ಟಲ್ಲ, ಯಾಕಂದ್ರೆ ಅದು ವಾಸ್ತವ ಅಲ್ಲ ಅಂತಾರೆ. ಅದು ಪರಮಾತ್ಮನ ವಿಷಯಕ್ಕೆ ಹೇಳಿದ ಮಾತು, ಅಲ್ಲಿಗೆ ಸರಿ ಇರಬಹುದು. ಜಗುಲಿ ಮೇಲೆ ಕರ್ಪೂರ ಹಿಡಿದು ಕೂತವರ ಎದುರು ನಿಂತ ಬಿಇ ಓದಿದ ಮಾಯಾವಿಗೆ ಚೆನ್ನಾಗೇ ಮುಟ್ಟುತ್ತೆ.

ಹುಡಿನಿ ಹೇಳದೇ ಬಿಟ್ಟಿದ್ದನ್ನ ನಾನು ಹೇಳಿದೆ. ಗುಟ್ಟು ಬಿಡಬಾರದು ಅನ್ನೋದು ಮ್ಯಾಜಿಷಿಯನ್ನರ ಮೊದಲ ನಿಯಮ. ಆ ನಿಯಮಕ್ಕೂ ಒಂದು ಮರ್ಯಾದೆ ಇದೆ. ಬೇರೆಯವರು ವರ್ಷಗಟ್ಟಲೆ ಕಷ್ಟಪಟ್ಟು ಕಟ್ಟಿದ್ದನ್ನ ಒಂದು ಮಾತಲ್ಲಿ ಕೆಡವೋ ಹಕ್ಕು ನನಗೇನಿದೆ? ಆದರೂ ಬರೀ "ಟ್ರಿಕ್ಕು" ಅನ್ನೋ ಮಾತು ಅವತ್ತು ಸಾಲ್ತಿರಲಿಲ್ಲ.

"ದೊಡ್ಡವ್ವ, ಎದುರಿಗೆ ಕೂತ್ಕೋಬೇಡ. ಬಾ, ನನ್ನ ಹಿಂದೆ ಕೂತ್ಕೋ" ಅಂದೆ. ಮೊಮ್ಮಗಳನ್ನ ಕರೆಸಿದೆ. ಹುಡುಗಿ ಎದುರಿಗೆ ಕೂತು ಇನ್ನೊಂದು ಚೀಟಿಯಲ್ಲಿ ಏನೋ ಬರೆದು ಮಡಿಚಿ ಕೊಟ್ಟಳು. ದೊಡ್ಡವ್ವ ನನ್ನ ಭುಜದ ಮೇಲಿಂದ ಬಗ್ಗಿ ನನ್ನ ಎಡಗೈಯನ್ನೇ ನೋಡ್ತಿದ್ದಳು. ನನ್ನ ಕಡೆಯಿಂದ ನೋಡಿದರೆ ಅದರಲ್ಲಿ ಏನೇನೂ ಇಲ್ಲ, ನಾಚಿಕೆ ಆಗೋಷ್ಟು ಸರಳ. ಮೊದಲನೇ ಸಲ ಅವಳಿಗೆ ಗೊತ್ತಾಗಲಿಲ್ಲ. ಎರಡನೇ ಸಲ ನಿಧಾನಕ್ಕೆ ಮಾಡಿದೆ. ಮೂರನೇ ಸಲ ಮಾಡೋವಾಗ ನನ್ನ ಮಣಿಕಟ್ಟು ಹಿಡಿದುಕೊಂಡು ಬೆರಳು ಬಿಡಿಸಿ ನೋಡಿದಳು. ಅಲ್ಲಿ ಇದ್ದಿದ್ದನ್ನ ನೋಡಿ "ಅಯ್ಯೋ ನಿನ್ ಮನೆ ಕಾಯ್ವಾಗ" ಅಂತ ಜೋರಾಗಿ ನಕ್ಕುಬಿಟ್ಟಳು. ಎದುರಿಗೆ ಕೂತ ಹುಡುಗಿ "ಏನಜ್ಜೀ, ಏನು?" ಅಂತ ಪೀಡಿಸ್ತಿದ್ದರೆ, "ಏನಿಲ್ಲ ಸುಮ್ನಿರು" ಅಂದಳು. ಒಂದು ಕ್ಷಣಕ್ಕೆ ನಮ್ಮಿಬ್ಬರಿಗೇ ಗೊತ್ತಿರೋ ಗುಟ್ಟು ಅದು. ನನಗೆ ಹೋದ ಜೀವ ಬಂದ ಹಾಗಾಯ್ತು.

ಅಮ್ಮ ಕಾಫಿ ತಂದುಕೊಟ್ಟಳು. ಅರ್ಧ ಕುಡಿದು ಲೋಟ ಕೆಳಗಿಟ್ಟು ದೊಡ್ಡವ್ವ ಕೇಳಿದಳು.

"ಹಂಗಾದ್ರೆ ಆ ಅಂಜನದೋರೂ ಹಿಂಗೇ ಮಾಡ್ತಾರೇನಪ್ಪ?"

ನಾನು ಇದನ್ನ ಯೋಚಿಸಿಯೇ ಇರಲಿಲ್ಲ. ಪಕ್ಕದ ಹೋಬಳಿಯಲ್ಲಿ ಅಂಜನ ಹಾಕೋರೊಬ್ಬರಿದ್ದಾರೆ. ವೀಳ್ಯದೆಲೆಗೆ ಕಪ್ಪು ಹಚ್ಚಿ, ಅದರಲ್ಲಿ ಕಾಣೆಯಾದವರನ್ನ ನೋಡಿ ಹೇಳ್ತಾರೆ. ದೊಡ್ಡವ್ವ ಪ್ರತಿ ವರ್ಷ ಶಿವರಾತ್ರಿ ಆದಮೇಲೆ ಹೋಗ್ತಾಳೆ. ಮಗ ಉತ್ತರ ದಿಕ್ಕಿನಲ್ಲಿ ದೊಡ್ಡ ಪಟ್ಟಣದಲ್ಲಿದ್ದಾನೆ, ಗಾಡಿ ಓಡಿಸ್ತಾನೆ ಅಂತ ಮೊದಲ ವರ್ಷ ಹೇಳಿದ್ದರು. ಆಮೇಲೆ ಮದುವೆ ಆಗಿದೆ ಅಂದರು. ಮೂರು ವರ್ಷದ ಹಿಂದೆ ಒಂದು ಹೆಣ್ಣು ಮಗು ಆಗಿದೆ ಅಂದಿದ್ದಾರೆ. ಆ ಮಗುವಿಗೆ ಈಗ ಎಷ್ಟು ವರ್ಷ ಅಂತ ದೊಡ್ಡವ್ವ ಲೆಕ್ಕ ಇಟ್ಟಿದ್ದಾಳೆ. ಒಂದು ಸಣ್ಣ ಲಂಗ ಹೊಲಿಸಿಟ್ಟಿದ್ದಾಳೆ ಅಂತ ಅಮ್ಮ ಆಮೇಲೆ ಹೇಳಿದ್ದು.

ನನಗೆ ಉತ್ತರ ಗೊತ್ತಿತ್ತು. ಅವರು ಹೇಗೆ ಮಾಡ್ತಾರೆ ಅಂತ ಗೊತ್ತಿಲ್ಲದೇ ಇರಬಹುದು, ಏನು ಮಾಡ್ತಿದ್ದಾರೆ ಅಂತ ಗೊತ್ತು. ಅವಳು ನನ್ನ ಮುಖವನ್ನೇ ನೋಡ್ತಿದ್ದಳು. ಈಗಷ್ಟೇ ನಾನೇ ಅವಳಿಗೆ ಎಲ್ಲಿ ನೋಡಬೇಕು ಅಂತ ಕಲಿಸಿದ್ದೆ.

"ನಾನು ಅವರ ಹಿಂದೆ ಕೂತು ನೋಡಿಲ್ಲ ದೊಡ್ಡವ್ವ" ಅಂದೆ.

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, "ಚೀಟಿಯನ್ನ ನಾನು ಬಿಚ್ಚಲೇ ಇಲ್ಲ" ಅನ್ನೋದರಲ್ಲಿ ಇಲ್ಲದ ಹಾಗೆಯೇ.

ಬೆಂಗಳೂರಿಗೆ ಬಂದು ಒಬ್ಬ ಸ್ನೇಹಿತನಿಗೆ ಹೇಳಿದಾಗ ಅವನು ರೇಗಿದ. ಎಚ್. ನರಸಿಂಹಯ್ಯನವರು 1976ರಲ್ಲೇ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದರು, ನಿನಗೆ ಒಬ್ಬ ಮುದುಕಿಗೆ ಒಂದು ನಿಜ ಹೇಳೋಕೆ ಆಗಲಿಲ್ವಾ ಅಂದ. ಅವನ ಮಾತಿನಲ್ಲಿ ನ್ಯಾಯ ಇದೆ. ವರ್ಷ ವರ್ಷ ಅವಳ ಕಾಸು ಹೋಗ್ತಿದೆ. ನಾನು ಬಾಯಿ ಮುಚ್ಚಿಕೊಂಡಷ್ಟು ದಿನ ಅದರಲ್ಲಿ ನಂದೂ ಪಾಲಿದೆ. ಆದರೆ ನರಸಿಂಹಯ್ಯನವರು ಪರೀಕ್ಷೆಗೆ ಕರೆದಿದ್ದು ಪವಾಡ ಮಾಡೋರನ್ನ, ಅದೂ ದೊಡ್ಡ ದೊಡ್ಡವರನ್ನೇ. ನಾನು ಆ ಬೆಳಗ್ಗೆ ಕಿತ್ತುಕೊಳ್ಳಬೇಕಾಗಿದ್ದು ಅಂಜನದವರ ಕೈಯಿಂದ ಅಲ್ಲ, ದೊಡ್ಡವ್ವನ ಕೈಯಿಂದ, ಆ ಲಂಗವನ್ನ. ಇದು ನೆಪವೋ, ಕಾರಣವೋ ಅಂತ ಕೇಳಿದರೆ ಎರಡೂ ಹೌದು ಅನ್ಸುತ್ತೆ. ಧೈರ್ಯ ಕಮ್ಮಿ ಇದ್ದವನಿಗೆ ಕರುಣೆ ಅನ್ನೋ ಪದ ಸುಲಭಕ್ಕೆ ಸಿಗುತ್ತೆ ಅನ್ನೋದೂ ಗೊತ್ತು.

ಟ್ರಿಕ್ಕು ಬಿಟ್ಟಿಲ್ಲ, ಬದಲಾಯಿಸಿದ್ದೀನಿ. ಈಗ "ಚಿಕ್ಕವರಿದ್ದಾ‌ಗ ತಿಂದ, ಈಗ ಸಿಗದೇ ಇರೋ ಒಂದು ತಿಂಡಿ ನೆನೆಸಿಕೊಳ್ಳಿ" ಅಂತೀನಿ. ಕಮರ್‌ಕಟ್ಟು, ಬೊಂಬಾಯಿ ಮಿಠಾಯಿ, ಒಂದು ಸಲ ಸುಟ್ಟ ಗೆಣಸು. ಕರ್ಪೂರ ಇಲ್ಲ, ಆರತಿ ತಟ್ಟೆ ಅಮ್ಮನ ದೇವರ ಕೋಣೆಗೆ ವಾಪಸ್. ಕೊನೆಗೆ ಹೆಸರು ಹೇಳಿದಾಗ ಜನ ನಗ್ತಾರೆ, ಚಪ್ಪಾಳೆ ಹೊಡೀತಾರೆ. ಯಾರೂ ಎದ್ದು ನಿಲ್ಲಲ್ಲ. ಮೊದಲಿನದೇ ಚೆನ್ನಾಗಿತ್ತು, ಯಾಕೆ ಡೌನ್‌ಗ್ರೇಡ್ ಮಾಡಿದೆ ಅಂತ ಟೀಮಿನ ಹುಡುಗರು ಕೇಳ್ತಾರೆ. ನಿಜ, ಮೊದಲಿನದೇ ಚೆನ್ನಾಗಿತ್ತು.

ಈ ಸಲ ಶಿವರಾತ್ರಿ ಆಗಿ ಒಂದು ವಾರಕ್ಕೆ ಅಮ್ಮ ಫೋನ್ ಮಾಡಿದ್ದಳು. ಕೊಬ್ಬರಿ ರೇಟು, ಬೋರಿನ ಮೋಟರು ಎಲ್ಲಾ ಆದಮೇಲೆ, ಏನೋ ನೆನಪಾದ ಹಾಗೆ ಹೇಳಿದಳು, ದೊಡ್ಡವ್ವ ಅಂಜನದೋರ ಹತ್ತಿರ ಹೋಗಿದ್ದಳಂತೆ. ಎಲೆಗೆ ಕಪ್ಪು ಹಚ್ಚೋವಾಗ ಎದ್ದು ಅವರ ಹಿಂದೆ ಹೋಗಿ ಕೂತಳಂತೆ. ಅವರಿಗೆ ಸಿಟ್ಟು ಬಂದು, ಮೈಲಿಗೆ ಆಗುತ್ತೆ, ಮುಂದೆ ಬಾ ಅಂತ ಎಬ್ಬಿಸಿದರಂತೆ.

"ಆಮೇಲೆ?" ಅಂದೆ.

"ಆಮೇಲೇನು, ಮುಂದೆ ಬಂದು ಕೂತಳಂತೆ."

"ಕಾಸು ಕೊಟ್ಲಾ?"

"ಕೊಟ್ಲು. ಮಗೀಗೆ ಸ್ಕೂಲಿಗೆ ಹಾಕವ್ರಂತೆ."